ನೀಲಿ ಗೋಡೆಯ ಫೋಟೋ

ಶನಿವಾರದ ಕೊನೆಯ ಪೀರಿಯಡ್ ಅಂದರೆ ನ್ಯಾಮತಿಯ ಆ ಪ್ರೌಢಶಾಲೆಯ ಒಂಬತ್ತನೇ ತರಗತಿ ಮಕ್ಕಳಿಗೆ ಬೆಲ್ಲಿನ ಅಗತ್ಯವೇ ಇರುತ್ತಿರಲಿಲ್ಲ. ಅಂಬಿಕಾ ಮಿಸ್ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವ ಮೊದಲೇ ಬಾಗಿಲ ಮುಂದೆ ನೂಕುನುಗ್ಗಲು. ಅವಳು ಪಾಠ ಮಾಡುವುದು ಸಮಾಜ ವಿಜ್ಞಾನ. ಕಂಪ್ಯೂಟರಿನ ಉಸಾಬರಿ ತಾನಾಗಿಯೇ ಮೈಮೇಲೆ ಎಳೆದುಕೊಂಡದ್ದು. ಹಿಂದಿನ ವರ್ಷ ತುಂಗಭದ್ರಾ ನದಿಯ ಬಗ್ಗೆ ಬರೆದುಕೊಂಡು ಬನ್ನಿ ಅಂದಿದ್ದಳು. ಒಬ್ಬ ಹುಡುಗ ಇಂಟರ್ನೆಟ್‌ನಲ್ಲಿ ಮೊದಲು ಸಿಕ್ಕಿದ್ದನ್ನೇ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ, ಕೊನೆಯಲ್ಲಿ ‘ರಿಯಾಯಿತಿ ದರ, ಈಗಲೇ ಬುಕ್ ಮಾಡಿ’ ಎಂದೂ ಬರೆದು ತಂದಿದ್ದ. ಅವತ್ತು ನಕ್ಕಿದ್ದಾಯಿತು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಈ ಮಕ್ಕಳ ಕೈಯಲ್ಲಿ ಫೋನಿದೆ, ಹುಡುಕಲು ಬರುವುದಿಲ್ಲ. ಸಿಕ್ಕಿದ್ದು ನಿಜವೋ ಸುಳ್ಳೋ ನೋಡಲು ಬರುವುದಿಲ್ಲ.

ಹಾಗೆ ಶುರುವಾದದ್ದು ಶನಿವಾರದ ಒಗಟು. ಒಂದು ಫೋಟೋ ಕೊಡುವುದು, ಇದು ಎಲ್ಲಿ ತೆಗೆದದ್ದು ಹೇಳಿ ಅನ್ನುವುದು. ಮಕ್ಕಳು ಫೋಟೋದಲ್ಲಿ ಕಾಣುವ ಬೋರ್ಡು, ಗುಡ್ಡ, ಬಸ್ಸಿನ ಬಣ್ಣ, ಗೋಡೆಯ ಮೇಲಿನ ಬರಹ ಎಲ್ಲವನ್ನೂ ಗುರುತು ಹಾಕಿಕೊಂಡು, ಯಾವ ಪದ ಹಾಕಿದರೆ ಏನು ಬರುತ್ತದೆ ಎಂದು ಹುಡುಕಿ, ಮ್ಯಾಪಿನಲ್ಲಿ ಹೊಂದಿಸಿ ಹೇಳಬೇಕು. ಊಹೆ ಹೊಡೆದರೆ ಅಂಕವಿಲ್ಲ. ‘ಹೆಂಗೆ ಗೊತ್ತಾಯ್ತು?’ ಅಂದರೆ ತೋರಿಸಬೇಕು. ಕೆಲವೇ ತಿಂಗಳಲ್ಲಿ ಮಕ್ಕಳು ಎಷ್ಟು ಚುರುಕಾದರೆಂದರೆ, ಮುಖ್ಯೋಪಾಧ್ಯಾಯ ಮಹೇಶ್ವರಪ್ಪನವರು ತಮ್ಮ ಹಳೆಯ ಪ್ರವಾಸದ ಫೋಟೋ ಒಂದನ್ನು ತಂದುಕೊಟ್ಟು, ಅದು ಯಾವ ದೇವಸ್ಥಾನವೆಂದು ತಮಗೇ ಮರೆತುಹೋಗಿದ್ದನ್ನು ಮಕ್ಕಳಿಂದ ಹೇಳಿಸಿಕೊಂಡಿದ್ದರು.

ಆ ಶನಿವಾರ ಫೋಟೋ ತಂದವಳು ಶೈಲಾ.

ಶೈಲಾ ಹಿಂದಿನ ಬೆಂಚಿನ ಹುಡುಗಿ. ಕೇಳಿದರೆ ಉತ್ತರ ಹೇಳುತ್ತಾಳೆ, ಕೇಳದಿದ್ದರೆ ಇಲ್ಲ. ತಾಯಿ ಊರಲ್ಲಿಲ್ಲ, ಅಜ್ಜಿ ಮತ್ತು ಅಪ್ಪನ ಜೊತೆ ಇರುತ್ತಾಳೆ ಎನ್ನುವಷ್ಟು ಅಂಬಿಕಾಗೆ ಗೊತ್ತಿತ್ತು. ಯಾಕೆ ಇಲ್ಲ ಎಂದು ಕೆದಕಿರಲಿಲ್ಲ. ಅಂಥವಳು ತಾನಾಗಿ ಅಜ್ಜಿಯ ಫೋನ್ ಹಿಡಿದು ಬಂದು, “ಮಿಸ್, ಇವತ್ತು ನನ್ನ ಫೋಟೋ ಇಡ್ರಿ” ಅಂದಾಗ ಅಂಬಿಕಾಗೆ ಖುಷಿಯೇ ಆಯಿತು.

ಫೋಟೋದಲ್ಲಿ ಮೂರ್ನಾಲ್ಕು ವರ್ಷದ ಗಂಡುಮಗು ಕೆಂಪು ಮೂರು ಗಾಲಿ ಸೈಕಲ್ ಮೇಲೆ ಕೂತು ನಗುತ್ತಿತ್ತು. ಹಿಂದೆ ನೀಲಿ ಸುಣ್ಣದ ಗೋಡೆ. ಬಲಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಬೋರ್ಡು. ದೂರದ ಗುಡ್ಡದ ಮೇಲೆ ಕಡ್ಡಿಯಂತೆ ಕಾಣುವ ಗಾಳಿಯಂತ್ರಗಳು.

“ಯಾರಮ್ಮ ಈ ಮರಿ?”

“ನಮ್ಮ ಸಂಬಂಧಿಕರ ಹುಡುಗ, ಮಿಸ್.”

“ಉತ್ತರ ನಿನಗೆ ಗೊತ್ತಾ?”

ಶೈಲಾ ತಲೆ ಅಲ್ಲಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ.

ಮಕ್ಕಳು ಮುಗಿಬಿದ್ದರು. ಗಾಳಿಯಂತ್ರ ಎಲ್ಲೆಲ್ಲಿವೆ ಎಂದು ಒಂದು ಗುಂಪು ಹುಡುಕಿತು. ಗದಗ, ಚಿತ್ರದುರ್ಗ, ಜಗಳೂರು, ಹರಪನಹಳ್ಳಿ ಎಂದು ಪಟ್ಟಿ ಬೆಳೆಯಿತು. ಸಿದ್ದೇಶ್ ಎನ್ನುವ ಹುಡುಗ ಫೋಟೋ ಹಿಗ್ಗಿಸಿ ಬೋರ್ಡಿನ ಮೇಲೆ ಕಣ್ಣು ನೆಟ್ಟಿದ್ದ. ‘…ರುದ್ರಸ್ವಾಮಿ ಹಿಟ್ಟಿನ ಗಿರ…’ ಎಂದಷ್ಟೇ ಇತ್ತು. “ಮಿಸ್, ಮೊದಲು ತಿಪ್ಪೇ ಇರಬೇಕು. ತಿಪ್ಪೇರುದ್ರಸ್ವಾಮಿ. ಆ ಕಡೆಯೋರು ಆ ಹೆಸರು ಜಾಸ್ತಿ ಇಡ್ತಾರೆ” ಎಂದು ಕೂಗಿದ. ಹೆಸರಿನ ಜೊತೆ ಒಂದೊಂದೇ ಊರು ಸೇರಿಸಿ ಹುಡುಕಿದ. ಜಗಳೂರು ಹಾಕಿದಾಗ ಮ್ಯಾಪಿನಲ್ಲಿ ಒಂದು ಗಿರಣಿ ಸಿಕ್ಕಿತು. ಯಾರೋ ಹಾಕಿದ್ದ ಫೋಟೋದಲ್ಲಿ ಅದೇ ಬೋರ್ಡು, ಪಕ್ಕದಲ್ಲಿ ಅದೇ ನೀಲಿ ಗೋಡೆ.

ಚಪ್ಪಾಳೆಯೋ ಚಪ್ಪಾಳೆ. ಅಂಬಿಕಾ ಶೈಲಾಳ ಕಡೆ ನೋಡಿದಳು. ಹುಡುಗಿ ಚಪ್ಪಾಳೆ ತಟ್ಟುತ್ತಿರಲಿಲ್ಲ. ಪರದೆಯ ಮೇಲಿನ ಗೋಡೆಯನ್ನೇ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ನಾಚಿಕೆ ಇರಬೇಕು ಅಂದುಕೊಂಡಳು ಅಂಬಿಕಾ.

ಅಂಬಿಕಾಳ ಮನೆ ಹೊನ್ನಾಳಿಯಲ್ಲಿ. ಶಾಲೆ ಮುಗಿಸಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ಕೂಡಲೇ ಫೋನ್ ತೆಗೆದಳು. ಪ್ರತಿ ಶನಿವಾರದಂತೆ ಒಗಟಿನ ಫೋಟೋ ಮತ್ತು ಉತ್ತರವನ್ನು ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ‘ಇಂದಿನ ಒಗಟು ತಂದವಳು ಶೈಲಾ. ಉತ್ತರ: ಜಗಳೂರು, ತಿಪ್ಪೇರುದ್ರಸ್ವಾಮಿ ಹಿಟ್ಟಿನ ಗಿರಣಿ ಪಕ್ಕ. ಕಂಡುಹಿಡಿದವನು ಸಿದ್ದೇಶ್. ಇಬ್ಬರಿಗೂ ಅಭಿನಂದನೆಗಳು.’ ಮ್ಯಾಪಿನ ಲಿಂಕನ್ನೂ ಸೇರಿಸಿದಳು. ಮಕ್ಕಳ ಗ್ರೂಪು ಎಂದು ಹೆಸರಿದ್ದರೂ ಅದರಲ್ಲಿದ್ದ ನಂಬರುಗಳೆಲ್ಲ ಅಪ್ಪ ಅಮ್ಮಂದಿರವು. ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಂದವು. ಅವಳು ಕಣ್ಣು ಮುಚ್ಚಿದಳು.

ದಾರಿಯಲ್ಲಿ ಟೈರ್ ಪಂಚರ್ ಆಗಿ ಬಸ್ಸು ಬಹಳ ಹೊತ್ತು ನಿಂತಿತು. ಹೊನ್ನಾಳಿಯಲ್ಲಿ ಇಳಿದು ಪೆಟ್ರೋಲ್ ಬಂಕ್ ದಾಟುವಾಗ ಯಾರೋ ಕರೆದರು.

“ಮೇಡಂ, ನಮಸ್ಕಾರ.”

ಶೈಲಾಳ ಅಪ್ಪ ಪರಶುರಾಮ. ಲಗೇಜ್ ಆಟೋ ಓಡಿಸುವ ಮನುಷ್ಯ. ಪೋಷಕರ ಸಭೆಗೆ ಒಮ್ಮೆ ಬಂದಿದ್ದ. ಈಗ ಬೈಕಿಗೆ ಪೆಟ್ರೋಲ್ ಹಾಕಿಸುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಬೆವರು.

“ಶೈಲಾ ಇವತ್ತು ಚೆನ್ನಾಗಿ ಭಾಗವಹಿಸಿದಳು” ಎಂದಳು ಅಂಬಿಕಾ, ಬೇರೆ ಮಾತು ತೋಚದೆ.

“ನೋಡಿದೆ ಮೇಡಂ, ಗ್ರೂಪಲ್ಲಿ ನೋಡಿದೆ.” ಅವನು ನಕ್ಕ. “ಬಾಳ ಉಪಕಾರ ಆಯ್ತು. ನಾನು ಎಷ್ಟು ತಿಂಗಳಿಂದ ತಿರುಗಿದೀನಿ, ಯಾರ ಯಾರ ಮನೆ ಬಾಗಿಲಿಗೆ ಹೋಗೀನಿ, ಒಬ್ರೂ ಬಾಯಿ ಬಿಡಲಿಲ್ಲ. ನಿಮ್ಮ ಹುಡುಗರು ಒಂದು ಪೀರಿಯಡ್ಡಿನಾಗೆ ಹುಡುಕಿಬಿಟ್ರು.”

“ಏನನ್ನ?”

ಅವನು ಬೈಕಿನ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿಕ್ ಹೊಡೆದು, ದಾವಣಗೆರೆ ರಸ್ತೆಗೆ ತಿರುಗಿದ. ಬೈಕಿನ ಪಕ್ಕಕ್ಕೆ ಗೋಣಿಚೀಲದಲ್ಲಿ ಸುತ್ತಿ ಕಟ್ಟಿದ್ದ ಉದ್ದನೆಯದೇನೋ ಅವಳ ಕಣ್ಣಿಗೆ ಬಿತ್ತು. ಆಟೋದವರ ಬಳಿ ಇರುವ ಕಬ್ಬಿಣದ ಸರಳಿರಬೇಕು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಶೈಲಾ. ಉಸಿರು ಸಿಗದ ಹಾಗೆ ಅಳುತ್ತಿದ್ದಳು.

“ಮಿಸ್, ಗ್ರೂಪಿಂದ ತೆಗೀರಿ ಮಿಸ್, ಬೇಗ ತೆಗೀರಿ. ಅಪ್ಪ ನೋಡಿಬಿಟ್ಟ.”

“ಏನಾಯ್ತು? ನಿಧಾನ ಹೇಳು.”

“ಅವನು ನನ್ನ ತಮ್ಮ ಮಿಸ್. ಅಮ್ಮ ಅವನ್ನ ಕರ್ಕೊಂಡು ಹೋಗಿದ್ದು. ಅಪ್ಪ ಹೊಡೆದು ಹೊಡೆದು ಒಂದ್ಸಲ ಅಮ್ಮನ ಕೈ ಮುರಿದಿದ್ದ. ಅದಾದ ಮೇಲೆ ಹೋದ್ಲು. ಎಲ್ಲಿ ಅಂತ ನಂಗೂ ಹೇಳಲಿಲ್ಲ. ಚಿಕ್ಕಮ್ಮನ ಸ್ಟೇಟಸ್‌ನಾಗೆ ತಮ್ಮನ ಫೋಟೋ ಬಂದಿತ್ತು, ಅಜ್ಜಿ ಫೋನಲ್ಲಿ ಕಾಣಿಸ್ತು. ಅಮ್ಮ ಎಲ್ಲೈತೆ ಅಂತ ನಂಗೆ ಮಾತ್ರ ಗೊತ್ತಾಗಬೇಕಿತ್ತು ಮಿಸ್. ನಂಗೆ ಮಾತ್ರ.”

ಅಂಬಿಕಾ ಗ್ರೂಪು ತೆರೆದು ಎಲ್ಲವನ್ನೂ ಅಳಿಸಿದಳು. ಅಳಿಸಿ ಏನು ಬಂತು? ನೋಡಬೇಕಾದವನು ನೋಡಿಯಾಗಿತ್ತು, ಈಗ ತಾನೇ ಕೈಮುಗಿದು ಹೋಗಿದ್ದ.

“ಚಿಕ್ಕಮ್ಮನಿಗೆ ಫೋನ್ ಮಾಡಿದ್ಯಾ?”

“ಸ್ವಿಚ್ ಆಫ್ ಐತೆ. ಅಮ್ಮನ ನಂಬರ್ ಯಾರ ಹತ್ರನೂ ಇಲ್ಲ. ಅಪ್ಪ ಹೋಗಾಕಿಂತ ಮುಂಚೆ ಅಜ್ಜಿಗೆ ಹೇಳಿದ, ಇವತ್ತು ಮುಗಿಸೇ ಬರ್ತೀನಿ ಅಂತ.”

ಬಂಕಿನ ಎದುರು ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಅಂಬಿಕಾ ಕೂತಳು. ಹೊನ್ನಾಳಿಯಿಂದ ಜಗಳೂರಿಗೆ ಬೈಕಿನಲ್ಲಿ ಎರಡು ತಾಸು, ಓಡಿಸುವವನ ತಲೆ ಬಿಸಿಯಾಗಿದ್ದರೆ ಇನ್ನೂ ಬೇಗ. ಪೊಲೀಸರ ತುರ್ತು ನಂಬರ್ ಒಂದು ಒಂದು ಎರಡಕ್ಕೆ ಡಯಲ್ ಮಾಡಿದಳು. ಎತ್ತಿಕೊಂಡ ಹೆಣ್ಣುಮಗಳು ಸಮಾಧಾನದಿಂದ ಕೇಳಿದಳು: ಹೆಸರೇನು, ಬೈಕ್ ಯಾವುದು, ಕೈಯಲ್ಲಿ ಏನಿತ್ತು. ಕೊನೆಗೆ, “ಮನೆ ಯಾವುದು ಮೇಡಂ? ಮನೆ ಗುರುತು ಹೇಳಿ.”

“ಮನೆ ಗೊತ್ತಿಲ್ಲ. ಒಂದು ಹಿಟ್ಟಿನ ಗಿರಣಿ ಪಕ್ಕ ನೀಲಿ ಗೋಡೆ.”

“ಜಗಳೂರು ಠಾಣೆಗೆ ತಿಳಿಸ್ತೀವಿ. ಗಾಡಿ ಈಗ ಹಳ್ಳಿ ಕಡೆ ಹೋಗಿದೆ, ಬಂದ ಕೂಡಲೇ ಕಳಿಸ್ತಾರೆ. ಅಷ್ಟರಲ್ಲಿ ಆ ಹೆಂಗಸಿಗೆ ವಿಷಯ ಮುಟ್ಟಿಸೋಕೆ ಆಗುತ್ತಾ ನೋಡಿ.”

ಮಹೇಶ್ವರಪ್ಪನವರಿಗೆ ಫೋನ್ ಮಾಡಿ ನಡೆದದ್ದು ಹೇಳಿದಳು. ಅವರು ಬೈಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. “ನಾನು ನಮ್ಮ ಮನೆಯವಳನ್ನ ಕರ್ಕೊಂಡು ಆ ಹುಡುಗಿ ಮನೆಗೆ ಹೋಗ್ತೀನಿ. ಅವನು ವಾಪಸ್ ಬಂದ್ರೂ ಅವಳು ಅಲ್ಲಿರಬಾರ್ದು. ನೀವು ಅತ್ಲಾಗಿಂದು ನೋಡ್ಕೊಳ್ರಿ” ಎಂದರು.

ಇನ್ನು ಉಳಿದದ್ದು ಗಿರಣಿ. ಮ್ಯಾಪಿನಲ್ಲಿ ಅದರ ಹೆಸರಿತ್ತು, ಫೋನ್ ನಂಬರ್ ಇರಲಿಲ್ಲ. ಅಕ್ಕಪಕ್ಕದ ಅಂಗಡಿಗಳನ್ನು ನೋಡಿದಳು. ಒಂದು ಸೈಕಲ್ ಶಾಪಿನ ನಂಬರಿಗೆ ಮಾಡಿದರೆ ಅದು ಚಾಲ್ತಿಯಲ್ಲೇ ಇಲ್ಲ. ಪ್ರತಿ ಶನಿವಾರ ಮಕ್ಕಳಿಗೆ ಹೇಳುತ್ತಿದ್ದ ಮಾತು ಈಗ ತಾನೇ ನೆನಪಿಸಿಕೊಳ್ಳಬೇಕಾಯಿತು: ಸಿಗಲಿಲ್ಲ ಅಂದರೆ ಇನ್ನೊಮ್ಮೆ ಫೋಟೋ ನೋಡಿ. ಗಿರಣಿಯ ಫೋಟೋವನ್ನು ಹಿಗ್ಗಿಸಿದಳು. ಬೋರ್ಡಿನ ಕೆಳಗೆ, ತುಕ್ಕು ಹಿಡಿದ ಜಾಗದಲ್ಲಿ, ಕೆಂಪು ಬಣ್ಣದ ಅಂಕಿಗಳು ಕಂಡವು. ಕೊನೆಯ ಅಂಕಿಯ ಮೇಲೆ ಮಾತ್ರ ವಿದ್ಯುತ್ ಕಂಬ ಅಡ್ಡ ನಿಂತಿತ್ತು.

ಕೊನೆಯ ಅಂಕಿಯ ಜಾಗಕ್ಕೆ ಸೊನ್ನೆಯಿಂದ ಶುರು ಮಾಡಿದಳು. ಮೊದಲನೆಯದು ಎತ್ತಲಿಲ್ಲ. ಎರಡನೆಯದರಲ್ಲಿ ಹಿಂದಿ ಮಾತಾಡುವ ಯಾರೋ. ಮುಂದಿನದರಲ್ಲಿ ಒಬ್ಬ ಮುದುಕಿ, ಮಗ ಅಂದುಕೊಂಡು, ಊಟ ಮಾಡಿದ್ಯಾ ಎಂದು ಕೇಳಿದಳು. ಅವಸರದಲ್ಲಿ ಒಂದು ಅಂಕಿ ತಪ್ಪು ಒತ್ತಿ ಮತ್ತೆ ಮೊದಲಿನಿಂದ ಒತ್ತಬೇಕಾಯಿತು. ರಸ್ತೆಯಲ್ಲಿ ಹೋಗುವ ಒಂದೊಂದು ಬೈಕಿನ ಸದ್ದೂ ಅವಳ ಎದೆಯ ಮೇಲೇ ಹಾದುಹೋದಂತಿತ್ತು. ಅವನು ಈಗ ಎಲ್ಲಿರಬಹುದು? ಹರಿಹರ ದಾಟಿರಬಹುದೇ?

“ಹಲೋ.” ಹಿಂದೆ ಬೆಲ್ಟು ತಿರುಗುವ ದಡಬಡ ಸದ್ದು. “ಗಿರಣಿ ಓಬಣ್ಣ ಮಾತಾಡಾದು. ಯಾರು?”

ಶಾಲೆಯ ದಾಖಲಾತಿ ಪುಸ್ತಕದಲ್ಲಿದ್ದ ಶೈಲಾಳ ತಾಯಿಯ ಹೆಸರನ್ನು ಅವಳು ನೆನಪಿಸಿಕೊಂಡಳು. “ಅಣ್ಣಾ, ನಾನು ನ್ಯಾಮತಿಯಿಂದ ಮಾತಾಡ್ತಿರೋದು. ನಿಮ್ಮ ಗಿರಣಿ ಪಕ್ಕದಲ್ಲಿ ಹನುಮಂತಮ್ಮ ಅಂತ, ಚಿಕ್ಕ ಮಗು ಇಟ್ಕೊಂಡು ಇದ್ದಾರಲ್ಲ…”

ಗಿರಣಿಯ ಸದ್ದು ನಿಂತಿತು. ಓಬಣ್ಣನ ದನಿ ಬದಲಾಯಿತು.

“ಯಾರ್ರೀ ನೀವು? ಅಂಥೋರು ಇಲ್ಲಿ ಯಾರೂ ಇಲ್ಲ.”

“ದಯವಿಟ್ಟು ಕೇಳಿ, ನಾನು ಅವರ ಮಗಳ ಟೀಚರ್…”

“ಯಾರಾದ್ರೂ ಆಗಿರ್ರಿ. ಇಲ್ಲ ಅಂದ್ನಲ್ಲ.” ಫೋನ್ ಕಟ್ಟಾಯಿತು.

ಅವಳಿಗೆ ಅರ್ಥವಾಯಿತು. ಇಲ್ಲ ಎಂದದ್ದರಲ್ಲೇ ಇದ್ದಾಳೆ ಎನ್ನುವುದು ಕೇಳಿಸಿತ್ತು. ಯಾರು ಕೇಳಿದರೂ ಹೇಳಬೇಡಿ ಎಂದು ಹನುಮಂತಮ್ಮ ಬೇಡಿಕೊಂಡಿರಬೇಕು. ಈ ಮನುಷ್ಯ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಾನೆ. ಅವನ ಕಣ್ಣಿಗೆ ಅವಳೂ ಪರಶುರಾಮನೂ ಒಂದೇ, ಹುಡುಕಿಕೊಂಡು ಬಂದವರು.

ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೆ. ಕೊನೆಗೆ ಎತ್ತಿದ ಕೂಡಲೇ ಅವನಿಗೆ ಬಾಯಿ ತೆರೆಯಲು ಬಿಡದೆ ಹೇಳಿದಳು:

“ನೀವು ಏನೂ ಹೇಳಬೇಡಿ. ಅವರು ಇಲ್ಲ ಅಂತಲೇ ಇಟ್ಕೊಳ್ಳೋಣ. ನಾನು ಹೇಳೋದನ್ನ ಮಾತ್ರ ಕೇಳಿ. ಪರಶುರಾಮ ಅನ್ನೋನು ನಿಮ್ಮ ಗಿರಣಿ ಹುಡುಕಿಕೊಂಡು ಬೈಕಲ್ಲಿ ಹೊರಟಿದ್ದಾನೆ. ಹತ್ರ ಕಬ್ಬಿಣದ ಸರಳಿದೆ. ನಿಮ್ಮ ಬೋರ್ಡು, ನೀಲಿ ಗೋಡೆ, ಕೆಂಪು ಸೈಕಲ್ಲು, ಎಲ್ಲ ಅವನ ಫೋನಲ್ಲಿದೆ. ಅವರು ಅಲ್ಲಿ ಇದ್ದಿದ್ರೆ, ಈ ಕ್ಷಣಕ್ಕೆ ಆ ಮನೆ ಬಿಡಿಸಿ. ಪೊಲೀಸರಿಗೆ ಹೇಳಿದ್ದೀನಿ. ಇಷ್ಟೇ.”

ಆ ಕಡೆ ಯಾರೋ ಕಾಳು ಸುರಿಯುವ ಸದ್ದು. ಆಮೇಲೆ ಫೋನ್ ಇಟ್ಟ ಸದ್ದು.

ನಂಬಿದನೋ ಇಲ್ಲವೋ ಗೊತ್ತಿಲ್ಲ. ಇನ್ನೊಮ್ಮೆ ಮಾಡಿದರೆ ಅನುಮಾನ ಹೆಚ್ಚಾದೀತು. ಅವಳು ಎದ್ದಳು. ಮನೆಗೆ ಹೋಗಿ ಕೂರುವ ಶಕ್ತಿ ಅವಳಲ್ಲಿರಲಿಲ್ಲ. ಗಂಡನಿಗೆ ಒಂದು ಮಾತು ತಿಳಿಸಿ, ಬಂದ ದಾವಣಗೆರೆ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಸೀಟು ಖಾಲಿಯಾದರೂ ಕೂರಲಿಲ್ಲ. ಮಧ್ಯದಲ್ಲಿ ಮಹೇಶ್ವರಪ್ಪನವರು ಫೋನ್ ಮಾಡಿ ಶೈಲಾ ತಮ್ಮ ಮನೆಯಲ್ಲಿದ್ದಾಳೆ, ಅಜ್ಜಿಯೂ ಬಂದಿದ್ದಾಳೆ ಎಂದರು. “ಅಜ್ಜಿನೇ ಹೇಳಿದ್ಲು, ಇವಳನ್ನ ಕರ್ಕೊಂಡು ಹೋಗ್ರಿ ಸಾರ್ ಅಂತ. ಮಗನ ಬುದ್ಧಿ ಗೊತ್ತಲ್ಲ ಅವಳಿಗೆ.” ಜಗಳೂರಿನಿಂದ ಸುದ್ದಿಯಿಲ್ಲ. ಠಾಣೆಯ ನಂಬರ್ ಹುಡುಕಿ ಮಾಡಿದಳು. ಗಾಡಿ ಹೊರಟಿದೆ ಎಂದರು. ಪರಶುರಾಮನ ನಂಬರಿಗೂ ಮಾಡಿದಳು, ಮಾತಿನಲ್ಲಾದರೂ ತಡೆಯಬಹುದೆಂದು. ರಿಂಗಾಗಿ ರಿಂಗಾಗಿ ನಿಂತಿತು. ಸಿದ್ದೇಶ್ ಬೋರ್ಡಿನ ಹೆಸರು ಕೂಗಿದಾಗ ತಾನೇ ಮೊದಲು ಚಪ್ಪಾಳೆ ತಟ್ಟಿದ್ದು ಅವಳಿಗೆ ನೆನಪಾಯಿತು.

ದಾವಣಗೆರೆ ಬಸ್ ನಿಲ್ದಾಣದಲ್ಲಿ ಜಗಳೂರಿನ ಬಸ್ಸು ಹುಡುಕುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ಯಾರು, ಟೀಚರಮ್ಮಾರಾ?” ಹೆಂಗಸಿನ ದನಿ, ಒಣಗಿದ ದನಿ. “ನಾನು ಹನುಮಂತಮ್ಮ. ಶೈಲನ ತಾಯಿ.”

ಅಂಬಿಕಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು. “ಹುಷಾರಾಗಿದ್ದೀರಾ? ಮಗು?”

“ಇದೀವಿ. ಠಾಣೇಲಿ ಕೂತಿದೀವಿ.”

ನಡೆದದ್ದು ಆಮೇಲೆ ಜಗಳೂರು ಠಾಣೆಯ ಜಗಲಿಯ ಮೇಲೆ ಓಬಣ್ಣನ ಬಾಯಿಂದ ಅವಳಿಗೆ ತಿಳಿಯಿತು. ಎರಡನೇ ಸಲದ ಫೋನ್ ಇಟ್ಟವನೇ ಅವನು ಹೆಂಡತಿಯನ್ನು ಪಕ್ಕದ ಮನೆಗೆ ಓಡಿಸಿ ತಾಯಿ ಮಗುವನ್ನು ಗಿರಣಿಯೊಳಗೆ ಕರೆಸಿಕೊಂಡು ಶಟರ್ ಎಳೆದಿದ್ದ. ತಾನು ಹೊರಗೆ ಸ್ಟೂಲ್ ಹಾಕಿಕೊಂಡು ಕೂತ. ಒಂದು ತಾಸು ಕಳೆದಿರಬೇಕು, ಬೈಕ್ ಬಂತು. ಫೋನನ್ನು ಗೋಡೆಗೆ ಹಿಡಿದು, ಬೋರ್ಡಿಗೆ ಹಿಡಿದು ನೋಡಿದ ಪರಶುರಾಮ, ಇಲ್ಲಿ ಒಬ್ಬಳು ಹೆಂಗಸು ಇದ್ದಾಳಲ್ಲ ಎಂದು ಮರ್ಯಾದೆಯಿಂದಲೇ ಕೇಳಿದ. ಬಾಡಿಗೆಗೆ ಇದ್ದವರು ಹೋದ ತಿಂಗಳೇ ಖಾಲಿ ಮಾಡಿದರು ಎಂದ ಓಬಣ್ಣ. ಅವನು ನಂಬಿ ಬೈಕಿನತ್ತ ತಿರುಗಿದ್ದ. ಆಗ ಮನೆಯ ಹಿತ್ತಿಲಲ್ಲಿ ಕೆಂಪು ಸೈಕಲ್ ಕಂಡಿತು.

“ಸೈಕಲ್ಲು ಒಳಗೆ ಇಡೋದು ಮರ್ತಿದ್ದೆ ನೋಡ್ರಿ ಮೇಡಂ. ಆಮೇಲೆ ಅವನ್ನ ಹಿಡಿಯಾಕೆ ಆಗಲಿಲ್ಲ. ಮನೆ ಬಾಗಿಲು ಒಡೆದ. ಒಳಗೆ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ನಮ್ಮ ಶಟರಿಗೆ ಬಂದ. ಸರಳು ತಗೊಂಡು ಹೊಡೀತಾನೆ, ಹೊಡೀತಾನೆ. ಬೀದಿ ಜನ ಎಲ್ಲ ಸೇರಿದ್ರು, ಹತ್ರ ಹೋಗಾಕೆ ಒಬ್ರಿಗೂ ಧೈರ್ಯ ಇಲ್ಲ. ಶಟರು ಒಳಕ್ಕೆ ಬಗ್ತಾ ಇತ್ತು. ಇವಳು ಒಳಗೆ ಮಗನ ಬಾಯಿ ಒತ್ತಿ ಹಿಡ್ಕೊಂಡು ಹಿಟ್ಟಿನ ಚೀಲದ ಸಂದಿಲಿ ಕೂತವಳೆ. ಜೀಪು ಬಂದಿದ್ದು ಆಗ.”

ಓಬಣ್ಣನ ಭುಜಕ್ಕೂ ಒಂದು ಏಟು ಬಿದ್ದಿತ್ತು, ಅಂಗಿ ಹರಿದಿತ್ತು. ಪರಶುರಾಮ ಒಳಗಿನ ಕೋಣೆಯಲ್ಲಿ ಪೊಲೀಸರ ವಶದಲ್ಲಿದ್ದ. ಅವನ ದನಿ ಮಾತ್ರ ಆಗಾಗ ಏರುತ್ತಿತ್ತು.

ಹನುಮಂತಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ತಲೆಯಲ್ಲಿ, ಹುಬ್ಬಿನ ಮೇಲೆ ಜೋಳದ ಹಿಟ್ಟು. ಮಡಿಲಲ್ಲಿ ಮಗು ನಿದ್ದೆ ಹೋಗಿತ್ತು. ಅಂಬಿಕಾ ಎದುರು ನಿಂತು ಕೈ ಜೋಡಿಸಿದಳು.

“ನೀವು ಫೋನ್ ಮಾಡಿದ್ದಕ್ಕೆ ಬದುಕಿದೀವಿ, ಅದು ನಂಗೊತ್ತು” ಎಂದಳು ಹನುಮಂತಮ್ಮ. “ಆದ್ರೆ ಮೇಡಂ, ನಾನು ಇಲ್ಲಿ ಹೊಲಿಗೆ ಮಿಷನ್ ಹಾಕ್ಕೊಂಡು, ಹೆಸರು ಕೇಳಿದೋರಿಗೂ ಹೆದರ್ಕೊಂಡು ಬಾಳಿದೀನಿ. ಮಗಳನ್ನ ನೋಡ್ದೆ ಬಾಳಿದೀನಿ. ನಾನು ಅಡಗಿಕೊಂಡಿದ್ದು ನಿಮ್ಮ ಮಕ್ಕಳಿಗೆ ಆಟ ಆಯ್ತಾ?”

“ತಪ್ಪಾಯ್ತು” ಎಂದಳು ಅಂಬಿಕಾ. ಗೊತ್ತಿರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಗೊತ್ತಿರಲಿಲ್ಲ ನಿಜ. ಕೇಳಿಯೂ ಇರಲಿಲ್ಲ.

ಹನುಮಂತಮ್ಮ ಮಗುವಿನ ತಲೆಯ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ, “ಅವಳು ಎಷ್ಟು ಎತ್ತರ ಆಗವಳೆ?” ಎಂದು ಕೇಳಿದಳು.

ಅಂಬಿಕಾ ತನ್ನ ಕಿವಿಯ ಹತ್ತಿರ ಕೈಯಿಟ್ಟು ತೋರಿಸಿದಳು. ಆಗ ಮೊದಲ ಸಲ ಹನುಮಂತಮ್ಮನ ಕಣ್ಣಲ್ಲಿ ನೀರು ಬಂತು.

ಮರುದಿನ ಮಹೇಶ್ವರಪ್ಪನವರು ಹೆಂಡತಿಯ ಜೊತೆ ಶೈಲಾಳನ್ನು ಕರೆತಂದರು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದನ್ನು ನೋಡಲಾರದೆ ಅಂಬಿಕಾ ಹೊರಗೆ ಬಂದಳು. ಪರಶುರಾಮನ ಮೇಲೆ ಕೇಸಾಯಿತು. ಆದರೆ ಜಾಮೀನು ಸಿಕ್ಕ ದಿನ ಅವನು ಮತ್ತೆ ಜಗಳೂರಿಗೆ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಮಹಿಳಾ ಸಹಾಯವಾಣಿಯವರು ಬೇರೊಂದು ಊರಿನಲ್ಲಿ ಇರುವ ವ್ಯವಸ್ಥೆ ಮಾಡಿದರು, ಮಗಳನ್ನೂ ಸೇರಿಸಿ. ವರ್ಗಾವಣೆ ಪತ್ರವನ್ನು ಮಹೇಶ್ವರಪ್ಪನವರೇ ಬರೆದು, ಲಕೋಟೆ ಅಂಟಿಸಿ, ಸಹಾಯವಾಣಿಯವರ ಕೈಗೆ ಕೊಟ್ಟರು. ಹೋಗುವ ಮುನ್ನ ಶೈಲಾ ಅಂಬಿಕಾಳ ಕೈ ಹಿಡಿದು, “ಮಿಸ್, ನಾವು ಎಲ್ಲಿಗೆ ಹೋಗಾದು ಅಂದ್ರೆ…” ಎಂದು ಶುರುಮಾಡಿದಳು.

“ಬೇಡ” ಎಂದಳು ಅಂಬಿಕಾ. “ನನಗೂ ಹೇಳಬೇಡ.”

ಮುಂದಿನ ಶನಿವಾರ ಕಂಪ್ಯೂಟರ್ ಕೋಣೆಯ ಮುಂದೆ ಯಾರೂ ನೂಕಾಡಲಿಲ್ಲ. ಸುದ್ದಿ ಮನೆ ಮನೆಗೂ ಮುಟ್ಟಿತ್ತು. ಎರಡು ಮೂರು ಮಂದಿ ಪೋಷಕರು ಬಂದು, ಇಂಥ ಕಲಿಕೆ ನಮ್ಮ ಮಕ್ಕಳಿಗೆ ಬೇಡ ಎಂದು ಮಹೇಶ್ವರಪ್ಪನವರ ಎದುರು ಕೂಗಾಡಿ ಹೋಗಿದ್ದರು. ಅವರು, “ಕಲಿಸಿದ್ದು ತಪ್ಪಲ್ಲ, ಅರ್ಧ ಕಲಿಸಿದ್ದು ತಪ್ಪು. ಉಳಿದರ್ಧ ಕಲಿಸಾಕೆ ಬಿಡ್ರಿ” ಎಂದು ಕಳಿಸಿದ್ದರು.

ಸಿದ್ದೇಶ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲವೆಂದು ಅವನ ತಾಯಿ ಹೇಳಿದ್ದಳು.

“ಮಿಸ್, ಕಂಡುಹಿಡಿದಿದ್ದು ನಾನೇ ಅಲ್ವಾ?” ಎಂದ ಅವನು, ಕತ್ತೆತ್ತದೆ.

“ಹುಡುಕಿದ್ದು ನೀನು. ಊರಿಗೆಲ್ಲ ಹೇಳಿದ್ದು ನಾನು” ಎಂದಳು ಅಂಬಿಕಾ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಅವತ್ತು ಪೆಟ್ರೋಲ್ ಬಂಕಿನ ಹತ್ತಿರ ತನಗೆ ಸಿಕ್ಕ ನಮಸ್ಕಾರದಿಂದ ಹಿಡಿದು ಶಟರಿನ ಮೇಲೆ ಬಿದ್ದ ಏಟಿನವರೆಗೆ, ಮುಚ್ಚದೆ ಹೇಳಿದಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಕೆಲವು ಹುಡುಗಿಯರು ಅತ್ತರು.

ಪೀರಿಯಡ್ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಪರದೆಯ ಮೇಲೆ ಹೊಸ ಫೋಟೋ ಹಾಕಿದಳು. ಒಂದು ಅಂಗಡಿ, ಅದರ ಮುಂದೆ ಬೀಡಿ ಸೇದುತ್ತಾ ಕೂತ ವಯಸ್ಸಾದ ಮನುಷ್ಯ, ಹಿಂದೆ ಒಂದು ಕೆರೆ. ಯಾರ ಕೈಯೂ ಕೀಲಿಮಣೆಯ ಮೇಲೆ ಹೋಗಲಿಲ್ಲ.

ಸಿದ್ದೇಶ್ ಮೆಲ್ಲಗೆ ಕೇಳಿದ. “ಮಿಸ್, ಈ ಅಜ್ಜನ್ನ ಕೇಳಿದೀರಾ?”

“ಕೇಳಿದ್ದೀನಿ. ನಮ್ಮ ಸೋದರಮಾವ. ಮಕ್ಕಳು ಹುಡುಕಿಕೊಂಡು ಬಂದರೆ ಟೀ ಕುಡಿಸ್ತೀನಿ ಅಂದಿದ್ದಾರೆ.”

ಒಬ್ಬಳು ಹುಡುಗಿ ಮೂಗೊರೆಸಿಕೊಂಡು ನಕ್ಕಳು. ಸಿದ್ದೇಶ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಕೆರೆಯ ಏರಿಯ ಮೇಲಿದ್ದ ಬೋರ್ಡನ್ನು ಹಿಗ್ಗಿಸತೊಡಗಿದ.